ಸ್ನಾಯುವಿನ ಆಕರಕೋಶ: ಪ್ರಯೋಗಾಲಯದಲ್ಲಿರುವುದು ಒಂದು, ಮಾರಾಟಕ್ಕಿರುವುದು ಇನ್ನೊಂದು

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು.

ಕಳೆದ ಭಾನುವಾರದ ತಮ್ಮ ಆರೋಗ್ಯ ಪುರವಣಿಯಲ್ಲಿ, ಸವೆದುಹೋದ ಸ್ನಾಯುಗಳನ್ನು ಆಕರಕೋಶಗಳ (ಸ್ಟೆಮ್ ಸೆಲ್‌ಗಳ) ಚುಚ್ಚುಮದ್ದಿನಿಂದ ಮತ್ತೆ ಬೆಳೆಸಬಹುದೆಂದು ಹೇಳುವ ಅರ್ಧ ಪುಟದ ಬರಹ ಪ್ರಕಟವಾಗಿತ್ತು. ರೋಗಿಯ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರೊಳಗಿನ ಕೋಶಗಳನ್ನು ಬೇರ್ಪಡಿಸಿ, ಅದೇ ರೋಗಿಯ ತೊಡೆ ಮತ್ತು ತೋಳಿನ ಸ್ನಾಯುಗಳಿಗೆ ಚುಚ್ಚಿದರೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿಯಂತಹ, ಸ್ನಾಯು ಕ್ಷಯಿಸುವ ಕಾಯಿಲೆಯ ಮಕ್ಕಳೂ ಎದ್ದು ನಡೆಯತೊಡಗುತ್ತಾರೆ ಎಂಬುದು ಅದರ ತಾತ್ಪರ್ಯ. ಬರಹದ ಕೆಳಗೆ ಲೇಖಕರ ಹೆಸರಿರಲಿಲ್ಲ. ಒಂದು ಮೊಬೈಲ್ ಸಂಖ್ಯೆ ಇತ್ತು. ಜಾಹೀರಾತು ಎಂಬ ಪದ ಆ ಪುಟದಲ್ಲಿ ಎಲ್ಲಿಯೂ ಕಾಣಲಿಲ್ಲ.

ನಾನು ವೈದ್ಯನೂ ಅಲ್ಲ, ವಿಜ್ಞಾನಿಯೂ ಅಲ್ಲ. ದಾವಣಗೆರೆಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಫಿಸಿಯೊಥೆರಪಿ ವೃತ್ತಿಯಲ್ಲಿರುವವನು. ಶುಕ್ರವಾರಗಳನ್ನು ಸ್ನಾಯು ಕಾಯಿಲೆಯ ಮಕ್ಕಳಿಗಾಗಿಯೇ ಮೀಸಲಿಟ್ಟಿದ್ದೇನೆ. ಈ ವಾರ ಎಂಟು ವರ್ಷದ ಬಾಲಕನೊಬ್ಬನ ತಾಯಿ ತಮ್ಮ ಪತ್ರಿಕೆಯ ಆ ತುಣುಕನ್ನು ಕತ್ತರಿಸಿ, ಮಗನ ಆಸ್ಪತ್ರೆ ಕಡತದೊಳಗೆ ಇಟ್ಟುಕೊಂಡು ಬಂದಿದ್ದರು. ಆ ಸಂಖ್ಯೆಗೆ ಕರೆ ಮಾಡಿಯೂ ಆಗಿತ್ತು. ಮೂರು ಸುತ್ತಿನ ಚಿಕಿತ್ಸೆಗೆ ಆ ಕಡೆಯವರು ಕೇಳಿದ ಹಣವನ್ನು ಹೊಂದಿಸಬೇಕಾದರೆ ಇರುವ ಎರಡು ಎಕರೆಯಲ್ಲಿ ಒಂದನ್ನು ಮಾರಬೇಕು ಎಂದು ಲೆಕ್ಕ ಹಾಕಿದ್ದರು. ‘ಪೇಪರಲ್ಲೇ ಬಂದಿದೆಯಲ್ಲ ಸಾರ್’ ಎಂಬ ಅವರ ಒಂದು ಮಾತು ಈ ಪತ್ರಕ್ಕೆ ಕಾರಣ.

ಮೊದಲು ಒಂದು ಪದದ ವಿಚಾರ. ‘ಸ್ಟೆಮ್ ಸೆಲ್’ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ‘ಕಾಂಡಕೋಶ’ ಎಂದು ಕರೆದು, ಓದುವ ಹುಡುಗರ ಕಣ್ಣ ಮುಂದೆ ಕಬ್ಬಿನ ಜಲ್ಲೆಯನ್ನು ತಂದು ನಿಲ್ಲಿಸಿವೆ. ‘ಆಕರಕೋಶ’ ಎಂಬ ಮಾತು ವಿಷಯಕ್ಕೆ ಹತ್ತಿರವಾದದ್ದು: ತನ್ನಂತಹ ಕೋಶವನ್ನೂ ಹುಟ್ಟಿಸಿ, ಬೇರೆ ಕೆಲಸದ ಕೋಶವನ್ನೂ ಹುಟ್ಟಿಸಬಲ್ಲ ಮೂಲ ಅದು. ಆದರೆ ಆಕರಗಳಲ್ಲಿಯೂ ಬಗೆಬಗೆ ಇವೆ. ಮಜ್ಜೆಯಲ್ಲಿರುವ ಆಕರಕೋಶದ ವೃತ್ತಿ ರಕ್ತವನ್ನು ಹುಟ್ಟಿಸುವುದು. ಸ್ನಾಯುವಿನ ಆಕರಕೋಶದ ವೃತ್ತಿ ಸ್ನಾಯುವನ್ನು ರಿಪೇರಿ ಮಾಡುವುದು. ಎರಡಕ್ಕೂ ಒಂದೇ ಹೆಸರಿರುವುದರಿಂದ ಒಂದರ ಕೀರ್ತಿಯನ್ನು ಇನ್ನೊಂದರ ಬೆಲೆಪಟ್ಟಿಗೆ ಅಂಟಿಸುವುದು ಬಹಳ ಸುಲಭ. ತಮ್ಮ ಪುರವಣಿಯ ಬರಹದಲ್ಲಿ ಆಗಿರುವುದು ಅದೇ.

ಸ್ನಾಯುವಿಗೆ ತನ್ನದೇ ಆಕರಕೋಶಗಳಿವೆ ಎಂಬ ಸಂಗತಿ ಹೊಸದೇನಲ್ಲ. 1961ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಅಲೆಕ್ಸಾಂಡರ್ ಮೌರೊ ಅವರು ಕಪ್ಪೆಯ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಸ್ನಾಯುವಿನ ಎಳೆಗೂ ಅದನ್ನು ಸುತ್ತಿದ ಹೊರಪೊರೆಗೂ ನಡುವೆ ಒತ್ತಿಕೊಂಡು ಕುಳಿತಿರುವ ಪುಟ್ಟ ಕೋಶಗಳನ್ನು ಗುರುತಿಸಿದರು. ಎಳೆಯ ಅಂಚಿನಲ್ಲಿ ಇರುವ ಕಾರಣಕ್ಕೆ ಅವುಗಳಿಗೆ ಉಪಗ್ರಹ ಕೋಶಗಳು ಎಂದು ಹೆಸರಿಟ್ಟರು. ವಯಸ್ಕರ ಸ್ನಾಯುವಿನಲ್ಲಿ ಅವುಗಳ ಪಾಲು ತೀರ ಕಡಿಮೆ. ನೂರರಲ್ಲಿ ನಾಲ್ಕೈದು ಕೋಶಕೇಂದ್ರಗಳು ಅವುಗಳವು ಎನ್ನಬಹುದು. ಸಾಮಾನ್ಯ ದಿನಗಳಲ್ಲಿ ಅವು ನಿದ್ರಿಸುತ್ತಿರುತ್ತವೆ. ಕಬಡ್ಡಿ ಆಡುವ ಹುಡುಗನೊಬ್ಬನ ತೊಡೆಯ ಹಿಂಬದಿಯ ಸ್ನಾಯು ಹರಿಯಿತೆನ್ನಿ. ಮೊದಲ ಕೆಲವು ಗಂಟೆಗಳಲ್ಲಿ ರಕ್ತದ ಬಿಳಿ ಕಣಗಳು ಅಲ್ಲಿಗೆ ನುಗ್ಗಿ, ಸತ್ತ ಎಳೆಗಳ ಕಸವನ್ನು ತೆಗೆಯಲಾರಂಭಿಸುತ್ತವೆ. ಒಂದೆರಡು ದಿನಗಳಲ್ಲಿ ಉಪಗ್ರಹ ಕೋಶಗಳು ಎಚ್ಚೆತ್ತು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ. ಹುಟ್ಟಿದ ಮರಿಗಳಲ್ಲಿ ಬಹುಪಾಲು ಹರಿದ ಎಳೆಯೊಂದಿಗೆ ಬೆಸೆದುಕೊಂಡು, ಇಲ್ಲವೆ ತಮ್ಮತಮ್ಮಲ್ಲೇ ಬೆಸೆದು ಹೊಸ ಎಳೆಯಾಗಿ, ಜಾಗವನ್ನು ತುಂಬುತ್ತವೆ. ಕೆಲವು ಮಾತ್ರ ಬೆಸೆಯದೆ ಹಿಂದಿರುಗಿ, ಮುಂದಿನ ಗಾಯಕ್ಕಾಗಿ ಮತ್ತೆ ಹೊರಪೊರೆಯ ಅಡಿ ಮಲಗುತ್ತವೆ. 2011ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗಗಳಲ್ಲಿ ಈ ಕೋಶಗಳನ್ನು ಮಾತ್ರ ಆಯ್ದು ನಾಶಮಾಡಿದಾಗ ಸ್ನಾಯು ತನ್ನನ್ನು ರಿಪೇರಿ ಮಾಡಿಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡಿತು. ಮಜ್ಜೆಯ ಕೋಶಗಳು ಆ ಇಲಿಗಳಲ್ಲಿ ಯಥಾಪ್ರಕಾರ ಇದ್ದವು; ಅವು ಬಂದು ಆ ಕೆಲಸವನ್ನು ವಹಿಸಿಕೊಳ್ಳಲಿಲ್ಲ.

ಇನ್ನು ಡುಶೆನ್ ಕಾಯಿಲೆ. ಅದು ಹೆಚ್ಚುಕಡಿಮೆ ಗಂಡುಮಕ್ಕಳಿಗಷ್ಟೇ ಬರುವಂಥದ್ದು. ಹುಟ್ಟುವ ಮೂರೂವರೆ ಸಾವಿರದಿಂದ ಐದು ಸಾವಿರ ಗಂಡುಮಕ್ಕಳಲ್ಲಿ ಒಬ್ಬನಿಗೆ ಇರುತ್ತದೆ. ಮೂರು ನಾಲ್ಕು ವರ್ಷಕ್ಕೆ ಮಗು ಪದೇ ಪದೇ ಬೀಳತೊಡಗುತ್ತದೆ, ನೆಲದಿಂದ ಏಳುವಾಗ ತನ್ನ ಮೊಣಕಾಲು, ತೊಡೆಗಳನ್ನೇ ಹಿಡಿದು ಹತ್ತಿದಂತೆ ಮೇಲೇಳುತ್ತದೆ. ಮೀನಖಂಡ ದಪ್ಪಗಾಗುತ್ತದೆ. ‘ಪೈಲ್ವಾನನ ಕಾಲು’ ಎಂದು ಅಜ್ಜಂದಿರು ಹೆಮ್ಮೆಪಟ್ಟ ಮಕ್ಕಳನ್ನು ನಾನು ಕಂಡಿದ್ದೇನೆ. ಆ ದಪ್ಪದೊಳಗೆ ಇರುವುದು ಬಹುಮಟ್ಟಿಗೆ ಕೊಬ್ಬು ಮತ್ತು ನಾರು. ಸ್ನಾಯುವಿನ ಎಳೆಗೆ ಒಳಗಿನಿಂದ ಆಧಾರ ಕೊಡುವ ಡಿಸ್ಟ್ರೊಫಿನ್ ಎಂಬ ಪ್ರೋಟೀನ್ ಈ ಮಕ್ಕಳಲ್ಲಿ ತಯಾರಾಗುವುದಿಲ್ಲ. ಅದರ ವಂಶವಾಹಿಯನ್ನೂ ಪ್ರೋಟೀನನ್ನೂ 1986 ಮತ್ತು 1987ರಲ್ಲಿ ಅಮೆರಿಕದ ಲೂಯಿ ಕುಂಕೆಲ್ ಅವರ ತಂಡ ಗುರುತಿಸಿತು. ಡಿಸ್ಟ್ರೊಫಿನ್ ಇಲ್ಲದ ಎಳೆ ಓಡಿದರೆ ಹರಿಯುತ್ತದೆ, ಮೆಟ್ಟಿಲಿಳಿದರೆ ಹರಿಯುತ್ತದೆ. ಉಪಗ್ರಹ ಕೋಶಗಳು ಮತ್ತೆ ಮತ್ತೆ ಎದ್ದು ರಿಪೇರಿ ಮಾಡುತ್ತವೆ. ಆದರೆ ಅವುಗಳೊಳಗೂ ಅದೇ ಕೆಟ್ಟ ವಂಶವಾಹಿ ಇರುವುದರಿಂದ ಹೊಸ ಎಳೆಯೂ ಹಳೆಯದರಷ್ಟೇ ದುರ್ಬಲವಾಗಿರುತ್ತದೆ. ವರ್ಷಗಟ್ಟಲೆ ಹೀಗೆ ನಡೆದು, ರಿಪೇರಿ ಸೋತ ಕಡೆಯಲ್ಲೆಲ್ಲ ನಾರು ತುಂಬುತ್ತದೆ.

ಪುರವಣಿಯ ಬರಹವನ್ನು ಓದಿದ ಯಾರೇ ಆಗಲಿ ಇಲ್ಲಿ ನಿಂತು ಕೇಳಬಹುದಾಗಿದ್ದ ಒಂದು ಪ್ರಶ್ನೆ ಇದೆ. ಮಗುವಿನ ಸ್ನಾಯುವಿನಲ್ಲಿರುವ ದೋಷವೇ ಅದರ ಮಜ್ಜೆಯ ಪ್ರತಿಯೊಂದು ಕೋಶದಲ್ಲಿಯೂ ಇರುವಾಗ, ಅದೇ ಮಜ್ಜೆಯನ್ನು ಅದೇ ಮಗುವಿಗೆ ಚುಚ್ಚಿದರೆ ಡಿಸ್ಟ್ರೊಫಿನ್ ಎಲ್ಲಿಂದ ಬರಬೇಕು? ‘ನಿಮ್ಮದೇ ಕೋಶ, ಆದ್ದರಿಂದ ಅಪಾಯವಿಲ್ಲ’ ಎಂಬ ವಾಕ್ಯವನ್ನು ಬರಹದಲ್ಲಿ ದಪ್ಪ ಅಕ್ಷರಗಳಲ್ಲಿ ಮುದ್ರಿಸಲಾಗಿತ್ತು. ವಂಶವಾಹಿಯ ದೋಷದಿಂದ ಬಂದ ಕಾಯಿಲೆಗೆ ನಿಮ್ಮದೇ ಕೋಶ ಎನ್ನುವುದು ಅನುಕೂಲವಲ್ಲ, ಅದೇ ತೊಡಕು.

ಬೇರೆಯವರ ಆರೋಗ್ಯವಂತ ಮಜ್ಜೆಯಾದರೆ ಹೇಗೆ ಎಂದು ಕೇಳಬಹುದು. 1998ರಲ್ಲಿ ಇಟಲಿಯ ವಿಜ್ಞಾನಿಗಳು ಇಲಿಗಳಲ್ಲಿ ಮಜ್ಜೆಯ ಕೋಶಗಳು ಗಾಯಗೊಂಡ ಸ್ನಾಯುವಿಗೆ ಹೋಗಿ ಸೇರುವುದನ್ನು ತೋರಿಸಿದಾಗ ಇಂಥದೇ ಆಸೆ ಹುಟ್ಟಿತ್ತು. ಆ ಆಸೆಗೆ ಮನುಷ್ಯರಲ್ಲಿ ಸಿಕ್ಕ ಉತ್ತರ 2002ರಲ್ಲಿ ಪ್ರಕಟವಾಯಿತು. ಒಂದು ವರ್ಷದವನಿದ್ದಾಗ ರೋಗನಿರೋಧಕ ಶಕ್ತಿಯ ಹುಟ್ಟು ಕೊರತೆಗಾಗಿ ಮಜ್ಜೆಯ ಕಸಿ ಮಾಡಿಸಿಕೊಂಡ ಬಾಲಕನೊಬ್ಬನಿಗೆ, ಹನ್ನೆರಡನೆಯ ವಯಸ್ಸಿನಲ್ಲಿ ಡುಶೆನ್ ಕಾಯಿಲೆಯೂ ಇದೆಯೆಂದು ತಿಳಿದುಬಂದಿತ್ತು. ಯಾರೂ ಯೋಜಿಸದೆಯೇ ಒದಗಿಬಂದ ಪ್ರಯೋಗ ಅದು. ಕಸಿಯಾಗಿ ಸುಮಾರು ಹದಿಮೂರು ವರ್ಷಗಳ ಬಳಿಕ ಅವನ ಸ್ನಾಯುವಿನ ತುಣುಕನ್ನು ಪರೀಕ್ಷಿಸಿದಾಗ ದಾನಿಯ ಕೋಶಕೇಂದ್ರಗಳು ಸಿಕ್ಕಿದ್ದೇನೋ ನಿಜ. ಆದರೆ ಸಿಕ್ಕಿದ್ದು ನೂರು ಎಳೆಗಳಲ್ಲಿ ಒಂದಕ್ಕಿಂತಲೂ ಕಡಿಮೆ ಎಳೆಗಳಲ್ಲಿ. ಇಡೀ ಮಜ್ಜೆಯನ್ನೇ ಬದಲಿಸಿ, ಹದಿಮೂರು ವರ್ಷ ಕಾದರೂ ಇಷ್ಟೇ ಎಂದಾದ ಮೇಲೆ, ಒಂದು ಮಧ್ಯಾಹ್ನದಲ್ಲಿ ತೆಗೆದು ಚುಚ್ಚುವ ಕೆಲವು ಮಿಲಿಲೀಟರ್ ಮಜ್ಜೆಯಿಂದ ಏನಾಗಬಹುದೆಂದು ಓದುಗರೇ ಊಹಿಸಬಹುದು.

ಸ್ನಾಯುವಿನದೇ ಕೋಶಗಳನ್ನು ಬಳಸಿದ ಪ್ರಯತ್ನಗಳ ಕಥೆ ಬೇರೆ. ಅದು ಹೆಚ್ಚು ಗೌರವಕ್ಕೆ ಅರ್ಹವಾದುದು, ಏಕೆಂದರೆ ಅಲ್ಲಿ ಸೋಲನ್ನು ಮುಚ್ಚಿಟ್ಟಿಲ್ಲ. 1989ರಲ್ಲಿ ಟೆರೆನ್ಸ್ ಪಾರ್ಟ್ರಿಜ್ ಮತ್ತು ಸಂಗಡಿಗರು ಆರೋಗ್ಯವಂತ ಇಲಿಯ ಇನ್ನೂ ಬಲಿಯದ ಸ್ನಾಯುಕೋಶಗಳನ್ನು ಕಾಯಿಲೆಯ ಇಲಿಗೆ ಚುಚ್ಚಿ ಡಿಸ್ಟ್ರೊಫಿನ್ ಮೂಡಿಸಿದರು. ಅದರ ಬೆನ್ನಿಗೇ ಮಕ್ಕಳಲ್ಲಿ ಪ್ರಯೋಗಗಳು ನಡೆದವು. 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹನ್ನೆರಡು ಬಾಲಕರ ಒಂದು ತೋಳಿಗೆ ತಿಂಗಳಿಗೊಮ್ಮೆ, ಆರು ತಿಂಗಳ ಕಾಲ, ಪ್ರತಿ ಬಾರಿ ಹನ್ನೊಂದು ಕೋಟಿ ಕೋಶಗಳನ್ನು ಚುಚ್ಚಿ, ಇನ್ನೊಂದು ತೋಳಿಗೆ ಕೋಶಗಳಿಲ್ಲದ ದ್ರವವನ್ನು ಕೊಟ್ಟರು. ಯಾವ ತೋಳಿಗೆ ಯಾವುದು ಎಂಬುದನ್ನು ಅಳೆಯುವವರಿಗೂ ತಿಳಿಸಿರಲಿಲ್ಲ. ಕೊನೆಯಲ್ಲಿ ಎರಡು ತೋಳುಗಳ ಬಲದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಕಾರಣಗಳು ನಿಧಾನವಾಗಿ ತಿಳಿದುಬಂದವು. ಚುಚ್ಚಿದ ಕೋಶಗಳಲ್ಲಿ ಬಹುಪಾಲು ಮೊದಲ ಕೆಲವೇ ದಿನಗಳಲ್ಲಿ ಸಾಯುತ್ತವೆ. ಉಳಿದವು ಸೂಜಿ ಹೊಕ್ಕ ಜಾಗದಿಂದ ಒಂದೆರಡು ಮಿಲಿಮೀಟರಿಗಿಂತ ಆಚೆ ಹೋಗುವುದಿಲ್ಲ. ಪರರ ಕೋಶವೆಂದು ದೇಹ ಅವುಗಳ ಮೇಲೆ ತಿರುಗಿಬೀಳುತ್ತದೆ. ನಮ್ಮ ದೇಹದಲ್ಲಿ ಆರುನೂರಕ್ಕೂ ಹೆಚ್ಚು ಸ್ನಾಯುಗಳಿವೆ, ಅವುಗಳಲ್ಲಿ ಉಸಿರಾಟದ ವಪೆಯೂ ಒಂದು. ಸೂಜಿಯಿಂದ ಎಷ್ಟನ್ನು ಮುಟ್ಟಲಾದೀತು?

ಇನ್ನೊಂದು ಸೂಕ್ಷ್ಮವನ್ನು ಹೇಳದಿರಲಾರೆ, ಏಕೆಂದರೆ ಅದು ನನಗೆ ಬಹಳ ಇಷ್ಟವಾದದ್ದು. ಸ್ನಾಯುವಿನ ಆಕರಕೋಶಗಳನ್ನು ಕೋಟಿಗಟ್ಟಲೆ ಬೆಳೆಸಬೇಕಾದರೆ ಅವನ್ನು ಪ್ರಯೋಗಾಲಯದ ಪ್ಲಾಸ್ಟಿಕ್ ತಟ್ಟೆಯಲ್ಲಿ ಇಡಬೇಕು. ಇಟ್ಟ ಕೆಲವು ದಿನಗಳಲ್ಲಿ ಅವು ಆಕರಕೋಶಗಳಾಗಿ ಉಳಿಯುವುದೇ ಇಲ್ಲ. ಸ್ಟ್ಯಾನ್‌ಫರ್ಡಿನ ಹೆಲೆನ್ ಬ್ಲಾ ಅವರ ತಂಡ 2010ರಲ್ಲಿ ತೋರಿಸಿದಂತೆ, ತಟ್ಟೆಯ ತಳವನ್ನು ಸ್ನಾಯುವಿನಷ್ಟೇ ಮೆತ್ತಗೆ ಮಾಡಿದರೆ ಅವು ತಮ್ಮ ಗುಣವನ್ನು ಉಳಿಸಿಕೊಳ್ಳುತ್ತವೆ. ಮಲಗಿದ ಜಾಗ ಗಟ್ಟಿಯೋ ಮೆತ್ತಗೋ ಎಂಬುದರ ಮೇಲೆ ತಮ್ಮ ಭವಿಷ್ಯವನ್ನು ತೀರ್ಮಾನಿಸುವ ಇಂತಹ ನಾಜೂಕು ಕೋಶಗಳನ್ನು, ಮಜ್ಜೆಯನ್ನು ಕೊಳವೆಯಲ್ಲಿ ಗಿರಗಿರನೆ ತಿರುಗಿಸಿ ಪಡೆದ ಮಿಶ್ರಣದ ಜೊತೆಗೆ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ ಸಾಧ್ಯ?

ಮಿಲಾನಿನ ಸ್ಯಾನ್ ರಫಾಯೆಲೆ ಆಸ್ಪತ್ರೆಯಲ್ಲಿ ಜೂಲಿಯೊ ಕೊಸ್ಸು ಅವರ ತಂಡ ಸೂಜಿಯ ಸಮಸ್ಯೆಗೆ ಬೇರೊಂದು ದಾರಿ ಹುಡುಕಿತು: ರಕ್ತನಾಳದ ಗೋಡೆಗೆ ಅಂಟಿಕೊಂಡಿರುವ ಮೀಸೊಆಂಜಿಯೊಬ್ಲಾಸ್ಟ್ ಎಂಬ ಕೋಶಗಳನ್ನು ಹೊಂದಾಣಿಕೆಯಾಗುವ ದಾನಿಯಿಂದ ಪಡೆದು ಅಪಧಮನಿಯ ಮೂಲಕ ಕಳುಹಿಸುವುದು. ನಾಯಿಗಳಲ್ಲಿ 2006ರಲ್ಲಿ ಉತ್ಸಾಹ ತರಿಸಿದ ಫಲ, ಐವರು ಬಾಲಕರ ಮೇಲಿನ ಪ್ರಯೋಗದಲ್ಲಿ ದೊರೆಯಲಿಲ್ಲ. 2015ರ ಅವರ ವರದಿ ವಿಧಾನ ಬಹುಮಟ್ಟಿಗೆ ಸುರಕ್ಷಿತವೆಂದು ಹೇಳಿತಾದರೂ, ನಡಿಗೆಯಲ್ಲಿ ಪ್ರಯೋಜನವಾಯಿತೆಂದು ಹೇಳಿಕೊಳ್ಳಲಿಲ್ಲ.

ಹಾಗೆಂದು ಎಲ್ಲವೂ ಸೋಲೇ ಅಲ್ಲ. ನುಂಗಲು ಕಷ್ಟವಾಗುವ, ವಯಸ್ಸಾದ ಮೇಲೆ ಕಾಣಿಸಿಕೊಳ್ಳುವ ಒಂದು ಬಗೆಯ ಸ್ನಾಯುಕ್ಷಯದ ಹನ್ನೆರಡು ರೋಗಿಗಳ ಗಂಟಲಿಗೆ, ಅವರದೇ ದೇಹದ ಕೆಡದೆ ಉಳಿದ ಸ್ನಾಯುವಿನಿಂದ ಬೆಳೆಸಿದ ಕೋಶಗಳನ್ನು ಫ್ರಾನ್ಸಿನ ವೈದ್ಯರು ಚುಚ್ಚಿ, 2014ರಲ್ಲಿ ಆಶಾದಾಯಕ ಫಲವನ್ನು ವರದಿ ಮಾಡಿದರು. ಗಂಟಲು ಸಣ್ಣ ಜಾಗ, ಸೂಜಿ ಅಲ್ಲಿಗೆ ಸಾಕಾಗುತ್ತದೆ. ಆದರೂ ಅದೇ ವೇಳೆ ಶಸ್ತ್ರಚಿಕಿತ್ಸೆಯನ್ನೂ ಮಾಡಿದ್ದರಿಂದ ಪೂರ್ತಿ ಶ್ರೇಯಸ್ಸನ್ನು ಕೋಶಗಳಿಗೇ ಕೊಡುವಂತಿಲ್ಲ. ಅದೇ ವರ್ಷ ಪಿಟ್ಸ್‌ಬರ್ಗಿನ ಸ್ಟೀಫನ್ ಬ್ಯಾಡಿಲಾಕ್ ಅವರ ತಂಡ ಸ್ನಾಯುವಿನ ದೊಡ್ಡ ಭಾಗವನ್ನೇ ಕಳೆದುಕೊಂಡ ಐವರಿಗೆ, ಹಂದಿಯ ಮೂತ್ರಕೋಶದಿಂದ ಕೋಶಗಳನ್ನೆಲ್ಲ ತೊಳೆದು ಉಳಿಸಿಕೊಂಡ ಜಾಲರಿಯನ್ನು ಗಾಯದ ಜಾಗದಲ್ಲಿ ಹೊಲಿಯಿತು. ಹೊರಗಿನ ಯಾವ ಕೋಶವನ್ನೂ ಚುಚ್ಚಲಿಲ್ಲ; ರೋಗಿಯ ಸ್ವಂತ ಕೋಶಗಳೇ ಆ ಜಾಲರಿಗೆ ಬಂದು ಸೇರಿದವು, ಐವರಲ್ಲಿ ಮೂವರ ಬಲ ಗಣನೀಯವಾಗಿ ಹೆಚ್ಚಿತು. ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನಗಳಲ್ಲೇ ವ್ಯಾಯಾಮ ಶುರುಮಾಡಿಸಿದ್ದು ಚಿಕಿತ್ಸೆಯ ಅವಿಭಾಜ್ಯ ಭಾಗವಾಗಿತ್ತು ಎಂಬುದನ್ನು, ನನ್ನ ವೃತ್ತಿಯ ಮೇಲಿನ ಮಮತೆಯಿಂದ, ಇಲ್ಲಿ ಸೇರಿಸುತ್ತಿದ್ದೇನೆ. ಟ್ರ್ಯಾಕ್ಟರಿಗೋ ಕಬ್ಬಿನ ಗಾಣಕ್ಕೋ ಸಿಕ್ಕಿ ತೊಡೆ, ತೋಳುಗಳ ಮಾಂಸಖಂಡ ಕಳೆದುಕೊಂಡವರನ್ನು ವರ್ಷವೂ ನೋಡುವ ನನಗೆ, ಮುಂದೊಂದು ದಿನ ಪ್ರಯೋಜನವಾಗಬಹುದೆಂದು ಅನ್ನಿಸುವ ದಾರಿ ಇದೇ.

ಇಷ್ಟಕ್ಕೂ ಈ ವಿಷಯದ ನಿಜವಾದ ಕೆಲಸ ನಮ್ಮ ಬೆಂಗಳೂರಿನಲ್ಲಿಯೇ ನಡೆಯುತ್ತಿದೆ, ಅದು ಪುರವಣಿಗಳಿಗೆ ಕಾಣುವುದಿಲ್ಲ. ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕೆ. ವಿಜಯರಾಘವನ್ ಅವರ ತಂಡ, ಹಣ್ಣಿನ ನೊಣದ ಹಾರಾಟದ ಸ್ನಾಯುವಿನಲ್ಲೂ ಉಪಗ್ರಹ ಕೋಶಗಳಿವೆಯೆಂದು 2017ರಲ್ಲಿ ತೋರಿಸಿತು. ಅಲ್ಲಿಯವರೆಗೆ ನೊಣದ ಸ್ನಾಯುವಿನಲ್ಲಿ ಅವನ್ನು ಯಾರೂ ಗುರುತಿಸಿರಲಿಲ್ಲ. ಹೈದರಾಬಾದಿನ ಜೀವಕೋಶ ಸಂಶೋಧನಾ ಕೇಂದ್ರವಾದ ಸಿಸಿಎಂಬಿಯಲ್ಲಿಯೂ ಬೆಂಗಳೂರಿನ ಇನ್‌ಸ್ಟೆಮ್ ಎಂಬ ಆಕರಕೋಶ ಸಂಶೋಧನಾ ಸಂಸ್ಥೆಯಲ್ಲಿಯೂ ದುಡಿದ ಜ್ಯೋತ್ಸ್ನಾ ಧವನ್ ಅವರು ಈ ಕೋಶಗಳು ವರ್ಷಗಟ್ಟಲೆ ಕೆಡದೆ ನಿದ್ರಿಸುವುದು ಹೇಗೆ ಎಂಬ ಒಂದೇ ಪ್ರಶ್ನೆಯ ಹಿಂದೆ ದಶಕಗಳನ್ನು ಕಳೆದಿದ್ದಾರೆ. ನೊಣದ ಸ್ನಾಯುವಿನ ಬಗ್ಗೆ ಬರೆದರೆ ಯಾರೂ ಮೊಬೈಲ್ ಸಂಖ್ಯೆಗೆ ಕರೆ ಮಾಡುವುದಿಲ್ಲವೆಂಬುದು ನಿಜ. ಆದರೂ ತಮ್ಮ ವರದಿಗಾರರೊಬ್ಬರು ಆ ಜೀವವಿಜ್ಞಾನ ಕೇಂದ್ರವಿರುವ ಬಳ್ಳಾರಿ ರಸ್ತೆಯಲ್ಲಿ ಒಂದು ದಿನ ಕಳೆದು ಬಂದರೆ ಓದುಗರಿಗೆ ಹೆಚ್ಚಿನ ಲಾಭವಿದೆ.

ಕಾನೂನಿನ ಸ್ಥಿತಿಯನ್ನು ಚಿಕ್ಕದಾಗಿ ಹೇಳುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2007ರಲ್ಲಿ ಹೊರತಂದ ಮಾರ್ಗಸೂಚಿಯ ಹೆಸರಿನಲ್ಲಿ ‘ಆಕರಕೋಶ ಸಂಶೋಧನೆ ಮತ್ತು ಚಿಕಿತ್ಸೆ’ ಎಂದಿತ್ತು. 2013ರ ಪರಿಷ್ಕರಣೆಯಲ್ಲಿ ‘ಚಿಕಿತ್ಸೆ’ ಎಂಬ ಪದವನ್ನೇ ತೆಗೆದುಹಾಕಲಾಯಿತು. ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿಯನ್ನು ಬಿಟ್ಟರೆ ಉಳಿದ ಯಾವುದೇ ಬಳಕೆಯನ್ನು ಸಂಶೋಧನೆ ಎಂದೇ ಪರಿಗಣಿಸಬೇಕು, ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ ನಡೆಸಬೇಕು ಎಂದು 2017ರ ಮಾರ್ಗಸೂಚಿ ಹೇಳುತ್ತದೆ. ವೈದ್ಯರು ಜಾಹೀರಾತಿನ ಮೂಲಕ ರೋಗಿಗಳನ್ನು ಸೆಳೆಯುವುದನ್ನು 2002ರ ವೃತ್ತಿ ನಿಯಮಾವಳಿಯೇ ನಿಷೇಧಿಸಿದೆ. ಪ್ರಯೋಗವೆಂದರೆ ರೋಗಿ ಹಣ ಕೊಟ್ಟು ಸೇರುವಂಥದ್ದಲ್ಲ. ಎಕರೆ ಮಾರಿ ಹಣ ಕಟ್ಟಬೇಕೆಂದಾಗಲೇ ಅದು ಪ್ರಯೋಗವಲ್ಲವೆಂದು ಅರ್ಥ.

‘ಹಾಗಾದರೆ ಮಕ್ಕಳು ಸುಧಾರಿಸಿದ ವಿಡಿಯೊಗಳು ಸುಳ್ಳೇ?’ ಎಂದು ಆ ತಾಯಿ ಕೇಳಿದರು. ಸುಳ್ಳಲ್ಲದೆಯೂ ಇರಬಹುದು. ಡುಶೆನ್ ಕಾಯಿಲೆಯ ಮಗು ಏಳು ವರ್ಷದವರೆಗೆ ಬೆಳವಣಿಗೆಯ ಬಲದಿಂದ, ಯಾವ ಚುಚ್ಚುಮದ್ದೂ ಇಲ್ಲದೆ, ಆರು ನಿಮಿಷದಲ್ಲಿ ಹಿಂದಿಗಿಂತ ಹೆಚ್ಚು ದೂರ ನಡೆಯುವುದುಂಟು. ಐದನೆಯ ವರ್ಷದಲ್ಲಿ ಒಂದು, ಆರನೆಯ ವರ್ಷದಲ್ಲಿ ಇನ್ನೊಂದು ವಿಡಿಯೊ ತೆಗೆದರೆ ಪವಾಡ ಸಿದ್ಧ. ಜೊತೆಗೆ ಇಂತಹ ಪ್ಯಾಕೇಜುಗಳಲ್ಲಿ ವಾರವಿಡೀ ದಿನಕ್ಕೆರಡು ಬಾರಿ ಫಿಸಿಯೊಥೆರಪಿ ಇರುತ್ತದೆ, ಕೆಲವೊಮ್ಮೆ ಸ್ಟೀರಾಯ್ಡ್ ಮಾತ್ರೆಯನ್ನೂ ಆಗಲೇ ಶುರುಮಾಡಿರುತ್ತಾರೆ. ಬಿಗಿದ ಹಿಮ್ಮಡಿಯ ಸ್ನಾಯುರಜ್ಜುವನ್ನು ಏಳು ದಿನ ಸರಿಯಾಗಿ ಹಿಗ್ಗಿಸಿದರೆ ಯಾವ ಮಗುವಾದರೂ ಚೆನ್ನಾಗಿ ನಿಲ್ಲುತ್ತದೆ. ನಾವು ನೂರೈವತ್ತು ರೂಪಾಯಿಗೆ ಮಾಡುವ ಕೆಲಸದ ಕೀರ್ತಿ ಲಕ್ಷಗಳ ಚುಚ್ಚುಮದ್ದಿಗೆ ಹೋಗುತ್ತಿದೆ ಎಂಬ ಹೊಟ್ಟೆಕಿಚ್ಚೂ ನನಗಿದೆಯೆಂದು ಒಪ್ಪಿಕೊಳ್ಳುತ್ತೇನೆ.

ಆ ಮಗುವಿಗೆ ಇಂದು ನಿಜವಾಗಿ ಸಿಗಬಹುದಾದದ್ದು ಕಡಿಮೆಯೇನಲ್ಲ. ವೈದ್ಯರ ನಿಗಾದಲ್ಲಿ ಸ್ಟೀರಾಯ್ಡ್, ರಾತ್ರಿ ಪಾದಕ್ಕೆ ಕಟ್ಟುವ ಸ್ಪ್ಲಿಂಟ್, ದಿನವೂ ಮನೆಯಲ್ಲೇ ಮಾಡಿಸುವ ಹಿಗ್ಗಿಸುವ ವ್ಯಾಯಾಮ, ವರ್ಷಕ್ಕೊಮ್ಮೆ ಹೃದಯ ಮತ್ತು ಶ್ವಾಸಕೋಶದ ಪರೀಕ್ಷೆ: ಇವುಗಳಿಂದ ನಡೆಯುವ ವರ್ಷಗಳೂ ಬದುಕುವ ವರ್ಷಗಳೂ ಹೆಚ್ಚುತ್ತವೆಂಬುದಕ್ಕೆ ಗಟ್ಟಿ ಪುರಾವೆ ಇದೆ. ತಾಯಿಯ ವಂಶವಾಹಿ ಪರೀಕ್ಷೆಯಿಂದ ಮುಂದಿನ ಮಗುವಿನ ಬಗ್ಗೆಯೂ, ಚಿಕ್ಕಮ್ಮಂದಿರ ಮಕ್ಕಳ ಬಗ್ಗೆಯೂ ತಿಳಿಯಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ನಾಯು ಕಾಯಿಲೆಗಳನ್ನು ಬಲ್ಲ ತಜ್ಞರಿದ್ದಾರೆ. ಇದನ್ನೆಲ್ಲ ಬರೆದಿದ್ದರೂ ಅರ್ಧ ಪುಟ ತುಂಬುತ್ತಿತ್ತು.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಹೊಸ ಚಿಕಿತ್ಸೆಯ ಬಗ್ಗೆ ಬರಹ ಬಂದಾಗ, ಯಾರ ಕೋಶ, ಯಾವ ಜಾಗದ ಕೋಶ, ಹೋಲಿಕೆಗೆ ಚಿಕಿತ್ಸೆ ಪಡೆಯದ ಗುಂಪು ಇತ್ತೇ, ಸಿಟಿಆರ್‌ಐ ಎಂಬ ಪ್ರಯೋಗಗಳ ರಾಷ್ಟ್ರೀಯ ಪಟ್ಟಿಯ ನೋಂದಣಿ ಸಂಖ್ಯೆ ಯಾವುದು, ಔಷಧ ನಿಯಂತ್ರಕರ ಅನುಮತಿ ಇದೆಯೇ, ರೋಗಿಯಿಂದ ಹಣ ಪಡೆಯುತ್ತಾರೆಯೇ ಎಂದು ತಮ್ಮ ಉಪಸಂಪಾದಕರು ಒಮ್ಮೆ ಕೇಳಲಿ. ನೋಂದಣಿ ಸಂಖ್ಯೆಯೊಂದಿದ್ದರೆ ಸಾಲದು, ಅದು ಅನುಮತಿಯಲ್ಲ ಎಂಬುದೂ ಅವರಿಗೆ ತಿಳಿದಿರಲಿ. ಹಣ ಪಡೆದು ಹಾಕಿದ ಬರಹವಾದರೆ ಮೇಲೆ ಜಾಹೀರಾತು ಎಂದು ಕಾಣುವಂತೆ ಮುದ್ರಿಸಿ. ಈ ಪತ್ರವನ್ನು ಪ್ರಕಟಿಸುವುದಾದರೆ ವಾಚಕರ ವಾಣಿಯ ಮೂಲೆಯಲ್ಲಿ ಬೇಡ. ಆ ಬರಹ ಬಂದ ಭಾನುವಾರದ ಪುರವಣಿಯಲ್ಲಿಯೇ, ಸಾಧ್ಯವಾದರೆ ಅದೇ ಪುಟದಲ್ಲಿ, ಹಾಕಬೇಕೆಂದು ವಿನಂತಿ. ಜಮೀನಿಗೆ ಮುಂಗಡ ತೆಗೆದುಕೊಳ್ಳುವುದನ್ನು ಎರಡು ವಾರ ಮುಂದೂಡಿ ಎಂದು ಆ ತಾಯಿಯನ್ನು ಕೇಳಿಕೊಂಡಿದ್ದೇನೆ. ಅವರು ನನ್ನ ಮಾತಿಗಿಂತ ತಮ್ಮ ಪತ್ರಿಕೆಯನ್ನು ಹೆಚ್ಚು ನಂಬುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಫಿಸಿಯೊಥೆರಪಿಸ್ಟ್, ದಾವಣಗೆರೆ